ಕಾಟಾದ ಮೇಲೆ ಕಳೆದುಹೋದ 5 ಸೆಕೆಂಡ್

ಡಿಸೆಂಬರ್‌ನ ಒಂದು ರಾತ್ರಿ 11.30ಕ್ಕೆ ಫೋನ್ ಬಂತು. ಕಬ್ಬಿನ ಹಂಗಾಮು ಜೋರಾಗಿ ನಡೆದಿರುವಾಗ ಆ ಹೊತ್ತಿಗೆ ಬರುವ ಫೋನು ಎಂದೂ ಒಳ್ಳೆ ಸುದ್ದಿ ತರುವುದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾ ಆಪರೇಟರ್ ಮಾತಾಡುತ್ತಿದ್ದ. "ಸರ, ನಿಮ್ಮ ಪ್ರೋಗ್ರಾಂ ಯಾಕೋ ನಡುನಡುವೆ ಮಲಗೇ ಬಿಡ್ತೈತ್ರಿ. ಹೊರಗ ಲೈನ್ ಗೇಟ್ ದಾಟಿ ರೋಡಿಗೆ ಹೋಗೇತಿ. ಡ್ರೈವರ್ ಮಂದಿ ನನ್ನ ಮ್ಯಾಲೆ ಬರಾಕತ್ತಾರ."

ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸಿ, ತೂಕ ಹಿಡಿದು, ರೈತನ ಪಾವತಿ (ತೂಕದ ಚೀಟಿ) ಪ್ರಿಂಟ್ ಮಾಡುವ ಆ ಪ್ರೋಗ್ರಾಂ ನಾನೇ ಬರೆದದ್ದು. ಪೈಥಾನ್ ಭಾಷೆ, ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್, ಒಂದು ವಿಂಡೋಸ್ ಪಿಸಿ, ಅಷ್ಟೇ. ದೊಡ್ಡ ಕೆಲಸವೇನಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಕಾಟಾ ಏರುತ್ತದೆ, ಆಪರೇಟರ್ ಒಂದು ಬಟನ್ ಒತ್ತುತ್ತಾನೆ, ಪ್ರೋಗ್ರಾಂ ಸೀರಿಯಲ್ ಕೇಬಲ್ ಮೂಲಕ ತೂಕದ ಇಂಡಿಕೇಟರನ್ನು (ತೂಕ ತೋರಿಸುವ ಡಬ್ಬಿ) 'ಎಷ್ಟು?' ಅಂತ ಕೇಳುತ್ತದೆ, ರೈತನ ಹೆಸರು, ಹೊಲ, ಕಡಿಯುವ ಗ್ಯಾಂಗು ಎಲ್ಲ ಹುಡುಕಿ, ಉಳಿಸಿ, ಚೀಟಿ ಕೊಡುತ್ತದೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಮತ್ತೊಮ್ಮೆ ಕಾಟಾಕ್ಕೆ ಬರುತ್ತದೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ರೈತನ ಕಬ್ಬು.

ಹೋದ ವರ್ಷ ಬಟನ್ ಒತ್ತಿದರೆ ಒಂದೂಕಾಲು ಸೆಕೆಂಡಿನಲ್ಲಿ ಚೀಟಿ ಬರುತ್ತಿತ್ತು. ಈ ವರ್ಷ ಆರು ಸೆಕೆಂಡ್ ದಾಟುತ್ತಿದೆ. ಆರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ದಿನಕ್ಕೆ 250 ಗಾಡಿ. ಒಂದೊಂದಕ್ಕೂ ಎರಡು ಸಲ ತೂಕ. ಸಲಕ್ಕೆ 5 ಸೆಕೆಂಡ್ ಜಾಸ್ತಿ ಹೋದರೆ 2500 ಸೆಕೆಂಡ್, ಅಂದರೆ 41 ನಿಮಿಷಕ್ಕಿಂತ ಹೆಚ್ಚು. ಅಷ್ಟು ಹೊತ್ತು ಕಾಟಾ ಸುಮ್ಮನೆ ನಿಂತಿರುತ್ತದೆ, ಹಿಂದೆ ಚಳಿಯಲ್ಲಿ ಟೇಪ್ ಹಚ್ಚಿಕೊಂಡು ಡ್ರೈವರುಗಳು ಕೂತಿರುತ್ತಾರೆ, ಟ್ರೇಲರ್‌ನಲ್ಲಿದ್ದ ಕಬ್ಬು ಒಣಗುತ್ತಿರುತ್ತದೆ. ಕಡಿದ ಕಬ್ಬು ನಿಂತಷ್ಟೂ ತೂಕ ಇಳಿಯುತ್ತದೆ. ಆ ನಷ್ಟ ಯಾರ ತಲೆಗೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಈಗ ನನ್ನ ದಡ್ಡತನದ ಕಥೆ.

ಅಳೆಯುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಡೇಟಾಬೇಸ್! ಮೂರು ಹಂಗಾಮಿನ ಪಾವತಿ ಒಂದೇ ಟೇಬಲ್‌ನಲ್ಲಿ ಗುಡ್ಡೆ ಬಿದ್ದಿದೆ, ನಿಧಾನ ಆಗದೆ ಇನ್ನೇನಾಗುತ್ತದೆ ಅಂದುಕೊಂಡೆ. ಮುಧೋಳದ ಮನೆಯಲ್ಲೇ ಕೂತು ಒಂದು ರಾತ್ರಿ ಪೂರ್ತಿ ಎರಡು ಹೊಸ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಡೇಟಾಬೇಸ್ ಹೇಗೆ ಹುಡುಕುತ್ತಿದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ನೋಡಿದರೆ ಹಳೆ ಇಂಡೆಕ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, 'ಸ್ಕ್ಯಾನ್' (ಟೇಬಲ್ ಪೂರ್ತಿ ಓದುವುದು) ಅಂತ ಇರುತ್ತದೆ ಅಂದುಕೊಂಡ ಕಡೆ ಮೊದಲಿನಿಂದಲೂ 'ಸರ್ಚ್' (ಇಂಡೆಕ್ಸ್ ಹಿಡಿದು ಹುಡುಕುವುದು) ಅಂತಲೇ ಇತ್ತು. ಇದನ್ನು ಮೊದಲು ನೋಡಬೇಕಿತ್ತು. ನೋಡಲಿಲ್ಲ.

ಎರಡನೇ ರಾತ್ರಿ ಇನ್ನೂ ಚಂದದ ತಪ್ಪು ಮಾಡಿದೆ. ಹೆಚ್ಚಾಗುತ್ತಿದ್ದದ್ದು ಬರೋಬ್ಬರಿ ಐದು ಸೆಕೆಂಡ್ ಅಲ್ವಾ? ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನ್‌ಗೆ ಟೈಮ್‌ಔಟ್ (ಕಾಯುವ ಗಡುವು) ನಾವು ಕೊಡದಿದ್ದರೆ ಅದು ತಾನಾಗಿ ಇಟ್ಟುಕೊಳ್ಳುವುದೂ 5 ಸೆಕೆಂಡ್. ಬೇರೆ ಯಾರಾದರೂ ಫೈಲನ್ನು ಲಾಕ್ ಮಾಡಿದ್ದರೆ ಅಷ್ಟು ಹೊತ್ತು ಕಾಯುತ್ತದೆ. ಸಿಕ್ಕಿಬಿಟ್ಟ ಕಳ್ಳ ಅಂತ ಕುಣಿದು, ಡೇಟಾಬೇಸನ್ನು ಓದುವವರೂ ಬರೆಯುವವರೂ ಒಬ್ಬರನ್ನೊಬ್ಬರು ತಡೆಯದ ವಾಲ್ ಮೋಡ್‌ಗೆ ಬದಲಾಯಿಸಿದೆ. ಐದು ಸೆಕೆಂಡ್ ಹಾಗೇ ಇತ್ತು. ಶಾಂತವಾಗಿ ಯೋಚಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು: ಐದು ಸೆಕೆಂಡ್ ಪೂರ್ತಿ ಕಾದ ಮೇಲೂ ಲಾಕ್ ಸಿಗದಿದ್ದರೆ ಎಸ್‌ಕ್ಯೂಲೈಟ್ 'ಡೇಟಾಬೇಸ್ ಲಾಕ್ ಆಗಿದೆ' ಅಂತ ಕೂಗಿಕೊಂಡು ಬೀಳುತ್ತದೆ. ನಮ್ಮಲ್ಲಿ ಒಂದೇ ಒಂದು ಎರರ್ ಇರಲಿಲ್ಲ. ಎಲ್ಲ ಪಾವತಿಯೂ ಸರಿಯಾಗಿಯೇ ಬರುತ್ತಿತ್ತು, ತಡವಾಗಿ ಬರುತ್ತಿತ್ತು ಅಷ್ಟೇ.

ಇನ್ನೊಂದು ತೊಂದರೆ ಎಂದರೆ ಮನೆಯಲ್ಲಿ ಓಡಿಸಿದರೆ ಈ ರೋಗ ಕಾಣಿಸುತ್ತಲೇ ಇರಲಿಲ್ಲ. ಮನೆಯಲ್ಲಿ ಕಾಟಾ ಇಲ್ಲವಲ್ಲ, ಇಂಡಿಕೇಟರ್ ಥರ ನಟಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ, ಅದರ ಜೊತೆ ಎಲ್ಲವೂ ಗಾಳಿಯಂತೆ ಓಡುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೇ ದಿನ ಬೈಕ್ ಹತ್ತಿ ಕಾರ್ಖಾನೆಗೇ ಹೋದೆ. ಕಾಟಾ ರೂಮಿನ ಕಿಟಕಿಯಿಂದ ಕಾಕಂಬಿ ವಾಸನೆ ಒಳಗೆ ಬರುತ್ತಿತ್ತು. ಆಪರೇಟರ್ ಬಟನ್ ಒತ್ತುತ್ತಾನೆ, ಪರದೆ ಗಟ್ಟಿಯಾಗಿ ನಿಂತುಬಿಡುತ್ತದೆ, ಅವನು ಚಹಾದ ಕಪ್ ಎತ್ತಿ ಒಂದು ಗುಟುಕು ಕುಡಿದು ಇಡುತ್ತಾನೆ, ಆಗ ಚೀಟಿ ಬರುತ್ತದೆ. ಹೊಂದಿಕೊಂಡುಬಿಟ್ಟಿದ್ದ ಪಾಪ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೋಡಿನ ನಡುವೆ ಅಲ್ಲಲ್ಲಿ ಹೊತ್ತು ನೋಡಿ ಪ್ರಿಂಟ್ ಮಾಡುವ ಸಾಲು ತುರುಕಿದೆ. ಪೈಥಾನ್‌ನಲ್ಲಿ 'ಟೈಮ್ ಡಾಟ್ ಟೈಮ್' ಅಂತ ಇದೆಯಲ್ಲ, ಅದನ್ನು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕೇಳಿ ಕಳೆಯುವುದು. ಹತ್ತು ಪಾವತಿ ನೋಡುವಷ್ಟರಲ್ಲಿ ಒಂದು ಕೆಲಸಕ್ಕೆ ಮೈನಸ್ 2 ಸೆಕೆಂಡ್ ಹಿಡಿಯಿತು ಅಂತ ಬಂತು! ಶುರುವಾಗುವ ಮೊದಲೇ ಮುಗಿದ ಕೆಲಸ. ಆ ಪಿಸಿಯ ಮದರ್‌ಬೋರ್ಡ್ ಬ್ಯಾಟರಿ ಸತ್ತಿದೆ, ಗಡಿಯಾರ ಆಗಾಗ ಎಲ್ಲೆಲ್ಲೋ ಹೋಗುತ್ತದೆ, ನೆಟ್ ಸಿಕ್ಕ ಕೂಡಲೇ ವಿಂಡೋಸ್ ಅದನ್ನು ಎಳೆದು ಸರಿ ಮಾಡುತ್ತದೆ. ನಾನು ಅಳೆಯುತ್ತಿರುವಾಗಲೇ ಮುಳ್ಳು ಹಿಂದಕ್ಕೆ ಸರಿದಿತ್ತು.

ಇದು ನಿಮಗೂ ಆಗಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಎರಡು ಥರದ ಗಡಿಯಾರ ಇವೆ. ಒಂದು ಗೋಡೆ ಗಡಿಯಾರ, ಇವತ್ತು ಯಾವ ತಾರೀಖು, ಎಷ್ಟು ಗಂಟೆ ಅಂತ ಹೇಳುವುದು. ಅದನ್ನು ಯಾರು ಬೇಕಾದರೂ ಹಿಂದೆ ಮುಂದೆ ತಿರುಗಿಸಬಹುದು. ಇನ್ನೊಂದು ಬರೀ ಮುಂದಕ್ಕೇ ಓಡುವ ಗಡಿಯಾರ. ಅದಕ್ಕೆ ತಾರೀಖು ಗೊತ್ತಿಲ್ಲ, ಅದರ ಒಂದು ರೀಡಿಂಗಿಗೆ ಒಂಟಿಯಾಗಿ ಅರ್ಥವೂ ಇಲ್ಲ, ಎರಡರ ನಡುವಿನ ಅಂತರಕ್ಕೆ ಮಾತ್ರ ಅರ್ಥ. ಅವಧಿ ಅಳೆಯಲು ಬೇಕಾದದ್ದು ಇದೇ. ಪೈಥಾನ್‌ನಲ್ಲಿ ಇದರ ಹೆಸರು ಪರ್ಫ್ ಕೌಂಟರ್, 2012ರಲ್ಲಿ ಬಂದ 3.3 ಆವೃತ್ತಿಯಿಂದ ಇದೆ. 2018ರ 3.7ರಲ್ಲಿ ನ್ಯಾನೋಸೆಕೆಂಡಿನಲ್ಲಿ ಪೂರ್ಣಾಂಕವನ್ನೇ ಕೊಡುವ ತಮ್ಮನೂ ಬಂದ. ವಿಂಡೋಸ್‌ನಲ್ಲಂತೂ ಹಳೆ ಪೈಥಾನ್‌ನ ಗೋಡೆ ಗಡಿಯಾರ ಸುಮಾರು 15 ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ ಮುಂದೆ ಹೋಗುತ್ತಿತ್ತು, ಅದಕ್ಕಿಂತ ಚಿಕ್ಕ ಕೆಲಸ ಅಳೆದರೆ ಒಂದೋ ಸೊನ್ನೆ, ಇಲ್ಲವೋ ಹದಿನೈದು.

ಗಡಿಯಾರ ಬದಲಾಯಿಸಿದೆ. ಆದರೆ ಪ್ರಿಂಟ್ ಸಾಲುಗಳ ಕಾಡಿನಲ್ಲಿ ಯಾವುದು ಯಾವುದರ ಒಳಗೆ ನಡೆಯಿತು ಅಂತ ತಿಳಿಯಲಿಲ್ಲ. ಸರಿ, ಪೈಥಾನ್ ಜೊತೆಗೇ ಬರುವ, ಹೊತ್ತು ಎಲ್ಲಿ ಹೋಯಿತು ಅಂತ ಅಳೆಯುವ ಸಿ-ಪ್ರೊಫೈಲ್ ಹಚ್ಚಿದೆ. ಒಳ್ಳೆ ಸಾಧನ, ಅದನ್ನು ಬೈಯುತ್ತಿಲ್ಲ. ಪ್ರತಿ ಫಂಕ್ಷನ್ ಎಷ್ಟು ಸಲ ಓಡಿತು, ತನ್ನೊಳಗೇ ಎಷ್ಟು ಹೊತ್ತು ಕಳೆಯಿತು, ತಾನು ಕರೆದವರನ್ನೂ ಸೇರಿಸಿದರೆ ಎಷ್ಟು, ಎಲ್ಲ ಪಟ್ಟಿ ಮಾಡಿ ಕೊಡುತ್ತದೆ. ನನ್ನ ಪಟ್ಟಿಯ ತಲೆಯ ಮೇಲೆ ಕೂತಿದ್ದದ್ದು ಥ್ರೆಡ್ ಲಾಕ್‌ನ 'ಅಕ್ವೈರ್' ಅನ್ನುವ ಸಾಲು. ಹೆಚ್ಚುಕಡಿಮೆ ಎಲ್ಲ ಹೊತ್ತೂ ಅಲ್ಲೇ.

ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಅಕ್ಕಪಕ್ಕ ಓಡುವ ಕೆಲಸದ ಎಳೆ) ಬಳಸುವ ಪೈಥಾನ್ ಪ್ರೋಗ್ರಾಂಗಳಲ್ಲಿ ಈ ಸಾಲನ್ನು ಕಂಡು ಬೇಸತ್ತವರು ಬಹಳ ಜನ ಇರಬೇಕು. ಅದರ ಅರ್ಥ ಇಷ್ಟೇ: 'ನಾನು ಯಾರಿಗೋ ಕಾಯುತ್ತಾ ಕೂತಿದ್ದೆ'. ಯಾರಿಗೆ? ಹೇಳುವುದಿಲ್ಲ. ಸಿ-ಪ್ರೊಫೈಲ್ ತನ್ನನ್ನು ಶುರು ಮಾಡಿದ ಥ್ರೆಡ್ಡನ್ನು ಮಾತ್ರ ನೋಡುತ್ತದೆ. ನಾನು ಇಂಡಿಕೇಟರ್ ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಟ್ಟಿದ್ದೆ, ಮುಖ್ಯ ಥ್ರೆಡ್ ಒಂದು ಕ್ಯೂ ಮುಂದೆ ಕೈ ಚಾಚಿ ಕೂತಿರುತ್ತಿತ್ತು. (ಪರದೆ ಗಟ್ಟಿಯಾಗಿ ನಿಲ್ಲುತ್ತಿದ್ದದ್ದು ಅದಕ್ಕೇ. ಥ್ರೆಡ್ ಮಾಡಿಯೂ ಪರದೆಯನ್ನು ಕಾಯಿಸಿದ ಪುಣ್ಯಾತ್ಮ ನಾನೇ.) ಅದೂ ಅಲ್ಲದೆ ಸಿ-ಪ್ರೊಫೈಲ್ ಕೊಡುವುದು ಒಟ್ಟು ಮೊತ್ತ. ಯಾವುದಾದ ಮೇಲೆ ಯಾವುದು, ಆ ಹೊತ್ತಿನಲ್ಲಿ ಇನ್ನೊಬ್ಬ ಏನು ಮಾಡುತ್ತಿದ್ದ ಅನ್ನುವುದು ಮೊತ್ತದಲ್ಲಿ ಕರಗಿಹೋಗುತ್ತದೆ.

ಕಾಟಾ ರೂಮಿನಲ್ಲಿ ಕೂತವನಿಗೆ ಉಪಮೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರ್ಖಾನೆಯ ಯಾರ್ಡಿನಲ್ಲಿ ಗಾಡಿಗಳು ಎಲ್ಲಿ ತಡ ಆಗುತ್ತಿವೆ ಅಂತ ತಿಳಿಯಲು ಎರಡು ದಾರಿ. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹೋಗಿ ಕಣ್ಣಾಡಿಸಿ ಬರುವುದು: ಗೇಟಿನಲ್ಲಿ ಎಷ್ಟು, ಕಾಟಾದ ಹತ್ತಿರ ಎಷ್ಟು, ಇಳಿಸುವ ಕಡೆ ಎಷ್ಟು. ಹತ್ತಾರು ಸಲ ಹೋಗಿ ಬಂದರೆ ಎಲ್ಲಿ ಜಾಸ್ತಿ ನಿಲ್ಲುತ್ತಿವೆ ಅನ್ನುವ ಅಂದಾಜು ಸಿಗುತ್ತದೆ, ಯಾವ ಡ್ರೈವರಿಗೂ ತೊಂದರೆ ಇಲ್ಲ. ಇದು ಸ್ಯಾಂಪ್ಲಿಂಗ್ ಪ್ರೊಫೈಲರ್. ಇನ್ನೊಂದು ದಾರಿ ಗೇಟಿನ ವಾಚ್‌ಮನ್ ಮಾಡುವಂಥದ್ದು: ಗಾಡಿ ನಂಬರು, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಒಂದನ್ನೂ ಬಿಡದೆ ರಿಜಿಸ್ಟರಿನಲ್ಲಿ ಬರೆಯುವುದು. ಇದು ಟ್ರೇಸಿಂಗ್. ನಿನ್ನೆ ರಾತ್ರಿ ಎರಡೂವರೆಗೆ ಬಂದ ಆ ಒಂದು ಗಾಡಿಗೆ ಏನಾಯಿತು ಅಂತ ಕೇಳಿದರೆ ರಿಜಿಸ್ಟರ್ ಮಾತ್ರ ಉತ್ತರ ಕೊಡುತ್ತದೆ. ಎರಡನ್ನೂ ಬೆರೆಸಿದವರೂ ಇದ್ದಾರೆ, ಯೂನಿಕ್ಸ್ ಮಂದಿಗೆ ಗೊತ್ತಿರುವ ಜಿ-ಪ್ರೊಫ್ 1982ರಲ್ಲೇ ಬರ್ಕ್ಲಿಯಿಂದ ಬಂತು, ಯಾರು ಯಾರನ್ನು ಎಷ್ಟು ಸಲ ಕರೆದರು ಅನ್ನುವುದನ್ನು ಕೋಡಿನೊಳಗೇ ಎಣಿಸಿ, ಹೊತ್ತನ್ನು ಮಾತ್ರ ಸ್ಯಾಂಪಲ್ ಮಾಡುತ್ತಿತ್ತು.

ರಿಜಿಸ್ಟರ್ ಇಡುವವನಿಗೆ ಒಂದು ಶರತ್ತು. ಅವನು ಹೆಸರು, ಊರು, ಅಪ್ಪನ ಹೆಸರು ಎಲ್ಲ ಕೇಳುತ್ತಾ ಕೂತರೆ ಗೇಟಿನಲ್ಲೇ ಲೈನ್ ಬೀಳುತ್ತದೆ. ಟ್ರೇಸರ್ ಹಗುರವಾಗಿರಬೇಕು ಅನ್ನುವುದು ಇದಕ್ಕೇ.

ರೆಡಿಮೇಡ್ ಟ್ರೇಸರ್‌ಗಳಿವೆ. ಪೈಥಾನ್‌ಗೆ ವಿಜ್‌ಟ್ರೇಸರ್ ಇದೆ, ಸಿ ಪ್ಲಸ್ ಪ್ಲಸ್ ಬರೆಯುವ ಗೇಮ್ ಮಂದಿ ಟ್ರೇಸಿ ಬಳಸುತ್ತಾರೆ. ಆದರೆ ಆ ಪಿಸಿಯಲ್ಲಿ ನೆಟ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಹಂಗಾಮಿನ ನಡುವೆ ಹೊಸದೇನನ್ನೂ ಇನ್‌ಸ್ಟಾಲ್ ಮಾಡುವ ಧೈರ್ಯವೂ ನನಗಿರಲಿಲ್ಲ. ಸುಮ್ನೆ ಅಲ್ಲೇ ಕೂತು ಮೂವತ್ತು ಸಾಲಿನದೊಂದು ಬರೆದೆ. ನಿಜಕ್ಕೂ ಮೂವತ್ತೇ ಸಾಲು.

ಕೋಡಿನಲ್ಲಿ ನನಗೆ ಬೇಕಾದ ತುಂಡಿನ ಸುತ್ತ ಒಂದು 'ವಿತ್' ಬ್ಲಾಕ್ ಹಾಕಿ ಅದಕ್ಕೊಂದು ಹೆಸರು ಕೊಡುತ್ತೇನೆ. ಒಳಗೆ ಹೋಗುವಾಗ ಪರ್ಫ್ ಕೌಂಟರ್ ನೋಡಿಕೊಳ್ಳುತ್ತದೆ. ಹೊರಗೆ ಬರುವಾಗ ಇನ್ನೊಮ್ಮೆ ನೋಡಿ, ಹೆಸರು, ಶುರುವಾದ ಹೊತ್ತು, ಹಿಡಿದ ಹೊತ್ತು, ಥ್ರೆಡ್ ನಂಬರ್, ಈ ನಾಲ್ಕನ್ನು ಒಂದು ಟಪಲ್ (ಒಂದು ಕಟ್ಟು) ಮಾಡಿ ಲಿಸ್ಟ್‌ನ ಕೊನೆಗೆ ಅಪೆಂಡ್ ಮಾಡುತ್ತದೆ, ಅಂದರೆ ಸೇರಿಸುತ್ತದೆ. ಅಷ್ಟೇ ಕೆಲಸ. ಅಳೆಯುವ ನಡುವೆ ಪ್ರಿಂಟ್ ಇಲ್ಲ, ಫೈಲಿಗೆ ಬರೆಯುವುದಿಲ್ಲ, ಅಕ್ಷರ ಜೋಡಿಸುವ ಕೆಲಸವೂ ಇಲ್ಲ. ಪರದೆಗೆ ಒಂದು ಸಾಲು ಬರೆಯಲು ಹಿಡಿಯುವ ಹೊತ್ತು ಎಷ್ಟೋ ಸಲ ನಾವು ಅಳೆಯಲು ಹೊರಟ ಕೆಲಸಕ್ಕಿಂತ ಜಾಸ್ತಿ ಇರುತ್ತದೆ, ವಿಂಡೋಸ್ ಕನ್ಸೋಲ್‌ನಲ್ಲಂತೂ ಕೇಳಲೇಬೇಡಿ. ಲಿಸ್ಟ್‌ಗೆ ಅಪೆಂಡ್ ಮಾಡುವುದಕ್ಕೆ ಬೇರೆ ಬೇರೆ ಥ್ರೆಡ್‌ಗಳ ನಡುವೆ ಲಾಕ್ ಹಾಕಬೇಕಾಗಿಲ್ಲ, ಪೈಥಾನ್ ತಾನೇ ನೋಡಿಕೊಳ್ಳುತ್ತದೆ. ಪ್ರೋಗ್ರಾಂ ಮುಚ್ಚುವಾಗ ಲಿಸ್ಟ್ ಪೂರ್ತಿ ಒಂದು ಜೇಸನ್ ಫೈಲಿಗೆ ಬೀಳುತ್ತದೆ.

ಜೇಸನ್ ಯಾಕೆ ಅಂದರೆ, ಕ್ರೋಮ್ ಬ್ರೌಸರ್‌ನವರು ತಮ್ಮ ಟ್ರೇಸ್‌ಗಾಗಿ ಮಾಡಿಕೊಂಡ ಒಂದು ಸರಳ ಫಾರ್ಮ್ಯಾಟ್ ಇದೆ. ಪ್ರತಿ ಘಟನೆಗೆ ಹೆಸರು, ಶುರು, ಅವಧಿ, ಪ್ರೊಸೆಸ್ ನಂಬರ್, ಥ್ರೆಡ್ ನಂಬರ್, ಜೊತೆಗೆ 'ಇದು ಪೂರ್ತಿ ಮುಗಿದ ಘಟನೆ' ಅನ್ನಲು ಒಂದು ಎಕ್ಸ್ ಅಕ್ಷರ. ಅಷ್ಟು ಬರೆದರೆ ಪರ್ಫೆಟ್ಟೊ ಅನ್ನುವ ಪುಟದಲ್ಲಿ ಆ ಫೈಲನ್ನು ಎಳೆದು ಹಾಕಬಹುದು. ಫೈಲ್ ಎಲ್ಲಿಗೂ ಹೋಗುವುದಿಲ್ಲ, ಬ್ರೌಸರ್‌ನೊಳಗೇ ತೆರೆದುಕೊಳ್ಳುತ್ತದೆ, ರೈತರ ಲೆಕ್ಕ ಹೊರಗೆ ಹೋಯಿತು ಅನ್ನುವ ಭಯ ಇಲ್ಲ. ಒಂದೊಂದು ಥ್ರೆಡ್‌ಗೆ ಒಂದೊಂದು ಅಡ್ಡ ಸಾಲು, ಪ್ರತಿ ತುಂಡು ಕೆಲಸಕ್ಕೆ ಅದರ ಹೊತ್ತಿನಷ್ಟೇ ಉದ್ದದ ಬಣ್ಣದ ಪಟ್ಟಿ, ಒಂದರೊಳಗೆ ಇನ್ನೊಂದು ನಡೆದಿದ್ದರೆ ಕೆಳಗೆ ಜೋಡಣೆ. ಡಬ್ಲ್ಯೂ ಮತ್ತು ಎಸ್ ಒತ್ತಿದರೆ ಹತ್ತಿರ, ದೂರ. ಎ ಮತ್ತು ಡಿ ಒತ್ತಿದರೆ ಎಡಕ್ಕೆ, ಬಲಕ್ಕೆ. ಆಟ ಆಡಿದವರಿಗೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

ಮೊದಲ ಸಲ ತೆರೆದಾಗ ಒಂದು ಪಾವತಿಗೆ ಒಂದೂಮುಕ್ಕಾಲು ಗಂಟೆ ಹಿಡಿದಿದೆ ಅಂತ ತೋರಿಸಿತು. ಎದೆ ಧಸಕ್ ಅಂತು. ಆ ಫಾರ್ಮ್ಯಾಟಿಗೆ ಹೊತ್ತು ಮೈಕ್ರೋಸೆಕೆಂಡಿನಲ್ಲಿ ಬೇಕು, ನಾನು ನ್ಯಾನೋಸೆಕೆಂಡ್ ಹಾಗೇ ಕೊಟ್ಟಿದ್ದೆ. ಸಾವಿರದಿಂದ ಭಾಗಿಸಿ ಮತ್ತೆ ತೆರೆದೆ.

ಪಾವತಿ: 6.2 ಸೆಕೆಂಡ್. ಅದರೊಳಗೆ ರೈತನನ್ನು ಹುಡುಕಿದ್ದು 3 ಮಿಲಿಸೆಕೆಂಡ್, ಡೇಟಾಬೇಸಿಗೆ ಉಳಿಸಿದ್ದು 40 ಮಿಲಿಸೆಕೆಂಡ್, ಪ್ರಿಂಟ್ 1.1 ಸೆಕೆಂಡ್. ಉಳಿದದ್ದೆಲ್ಲ, 5.06 ಸೆಕೆಂಡ್, 'ತೂಕಕ್ಕೆ ಕಾಯುವುದು'. ಎರಡು ರಾತ್ರಿ ನಾನು ಹೊಡೆದಾಡಿದ ಡೇಟಾಬೇಸ್ ಪಟ್ಟಿಯನ್ನು ಕಣ್ಣಿಗೆ ಕಾಣಿಸಬೇಕಾದರೂ ಜೂಮ್ ಮಾಡಬೇಕಾಯಿತು.

ಮುಖ್ಯ ಥ್ರೆಡ್ ಕಾಯುತ್ತಿರುವಾಗ ಕೆಳಗಿನ ಸಾಲಿನಲ್ಲಿ, ಓದುವ ಥ್ರೆಡ್‌ನಲ್ಲಿ, ಅಷ್ಟೇ ಉದ್ದದ ಪಟ್ಟಿ: 'ರೀಡ್‌ಲೈನ್', ಅಂದರೆ ಕೇಬಲ್‌ನಿಂದ ಒಂದು ಸಾಲು ಪೂರ್ತಿ ಓದುವ ಕೆಲಸ. ಸರಿ, ಇಂಡಿಕೇಟರೇ ತಡ ಮಾಡುತ್ತಿದೆ ಅಂತ ಆಪರೇಟರಿಗೆ ಹೇಳಲು ಹೊರಟಿದ್ದೆ. ಬಾಯಿ ಬಿಡುವ ಮೊದಲು ಇನ್ನೊಂದು ಸಲ ನೋಡೋಣ ಅನ್ನಿಸಿತು, ಎರಡು ರಾತ್ರಿ ಪೆಟ್ಟು ತಿಂದಿದ್ದೆನಲ್ಲ. ಆ ರೀಡ್‌ಲೈನ್ ತೆಗೆದು, ಒಂದೊಂದೇ ಬೈಟ್ ಓದುವ ಲೂಪ್ ಬರೆದು, ಪ್ರತಿ ಬೈಟಿನ ಸುತ್ತ ಒಂದು ವಿತ್ ಬ್ಲಾಕ್ ಇಟ್ಟೆ. ಓದಿದ ಬೈಟ್ ಯಾವುದು ಅನ್ನುವುದನ್ನೇ ಹೆಸರಾಗಿ ಕೊಟ್ಟೆ.

ಕಾಟಾದ ಮೇಲೆ ಒಂದು ಗಾಡಿ ನಿಂತಿತ್ತು. 28460 ಕಿಲೋ. ಪರದೆಯ ಮೇಲೆ ಬಂದದ್ದು ಹೀಗೆ: ಮೊದಲ ಬೈಟ್ 50 ಮಿಲಿಸೆಕೆಂಡ್, ಇಂಡಿಕೇಟರ್ ಉತ್ತರ ಶುರು ಮಾಡಲು ತೆಗೆದುಕೊಂಡ ಹೊತ್ತು. ಆಮೇಲೆ ಪಟಪಟ ಅಂತ ಏಳು ಸಣ್ಣ ಗೆರೆ, ಒಂದೊಂದು ಒಂದು ಮಿಲಿಸೆಕೆಂಡ್. ಸೀರಿಯಲ್ ವೇಗ 9600, ಒಂದು ಬೈಟಿಗೆ ಶುರು ಕೊನೆ ಸೇರಿ 10 ಬಿಟ್, ಹಾಗಾಗಿ ಸೆಕೆಂಡಿಗೆ 960 ಬೈಟ್, ಲೆಕ್ಕ ಪಕ್ಕಾ. ಎರಡು ಖಾಲಿ ಜಾಗ, ಎರಡು, ಎಂಟು, ನಾಲ್ಕು, ಆರು, ಸೊನ್ನೆ, ಕೊನೆಗೆ 13. ಒಟ್ಟು ಎಂಟು ಬೈಟ್. ಇದಾದ ಮೇಲೆ ಒಂಬತ್ತನೆಯ ಪಟ್ಟಿ ಪರದೆ ದಾಟಿ ಹೋಗಿತ್ತು. ಅದಕ್ಕೆ ಹೆಸರಿರಲಿಲ್ಲ, ಯಾಕೆಂದರೆ ಯಾವ ಬೈಟೂ ಬರಲಿಲ್ಲ. 5 ಸೆಕೆಂಡ್.

ತೂಕ ಪೂರ್ತಿ 57 ಮಿಲಿಸೆಕೆಂಡಿನಲ್ಲೇ ಬಂದು ಕೂತಿತ್ತು. ನನ್ನ ಪ್ರೋಗ್ರಾಂ ಇನ್ನೂ ಏನಕ್ಕೋ ಕಾಯುತ್ತಿತ್ತು.

13 ಅಂದರೆ ಕ್ಯಾರೇಜ್ ರಿಟರ್ನ್, ಬ್ಯಾಕ್‌ಸ್ಲ್ಯಾಶ್ ಆರ್ ಅಂತ ಬರೆಯುತ್ತೇವಲ್ಲ ಅದು. ಹಳೆ ಟೆಲಿಪ್ರಿಂಟರ್‌ಗಳಲ್ಲಿ ಅಚ್ಚೊತ್ತುವ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ 13, ಕಾಗದವನ್ನು ಒಂದು ಸಾಲು ಮೇಲೆ ಸರಿಸಲು ಇನ್ನೊಂದು ಸಂಕೇತ 10. ಸೀರಿಯಲ್ ಕೇಬಲ್ ಓದಲು ನಾನು ಬಳಸುವ ಪೈಸೀರಿಯಲ್‌ನ ರೀಡ್‌ಲೈನ್ ಸಾಲು ಮುಗಿಯಿತು ಅನ್ನುವುದು 10 ಕಂಡಾಗ ಮಾತ್ರ. ಈ ಇಂಡಿಕೇಟರ್ 10 ಕಳಿಸುವುದೇ ಇಲ್ಲ. ಅದು ಬರುತ್ತದೆ ಬರುತ್ತದೆ ಅಂತ ಕಾದು ಕಾದು, ನಾನೇ ಕೊಟ್ಟಿದ್ದ 5 ಸೆಕೆಂಡ್ ಟೈಮ್‌ಔಟ್ ಮುಗಿದ ಮೇಲೆ, ಕೈಯಲ್ಲಿದ್ದಷ್ಟನ್ನು ವಾಪಸ್ ಕೊಡುತ್ತಿತ್ತು. ಎರರ್ ಇಲ್ಲ ಏನಿಲ್ಲ. ನಾನು ಖಾಲಿ ಜಾಗ ತೆಗೆದು ಸಂಖ್ಯೆ ಮಾಡಿಕೊಳ್ಳುತ್ತಿದ್ದೆ, ತೂಕ ಸರಿಯಾಗಿಯೇ ಇರುತ್ತಿತ್ತು. ತಪ್ಪು ತೂಕ ಬಂದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

"ಈ ಡಬ್ಬಿ ಯಾವಾಗ ಬಂತು?" ಅಂತ ಆಪರೇಟರನ್ನು ಕೇಳಿದೆ.

"ಹೊಸದ್ರಿ ಸರ. ಹಳೇದು ಮಳೆಗಾಲದಾಗ ಸಿಡ್ಲ ಬಡದು ಸುಟ್ಟು ಹೋತು. ದಸರಾಕ್ಕ ಇದನ್ನ ತಂದು ಕೂಡಿಸ್ಯಾರ."

ಹಳೆಯದು 13, 10 ಎರಡನ್ನೂ ಕಳಿಸುತ್ತಿತ್ತು. ಮನೆಯಲ್ಲಿ ನಾನು ಬರೆದುಕೊಂಡಿದ್ದ ನಕಲಿ ಇಂಡಿಕೇಟರೂ ಹಳೆಯದನ್ನು ನೋಡಿಯೇ ಬರೆದದ್ದು, ಎರಡನ್ನೂ ಕಳಿಸುತ್ತಿತ್ತು. ಅಂದರೆ ಮನೆಯಲ್ಲಿ ನೂರು ವರ್ಷ ಪರೀಕ್ಷೆ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ.

ರಿಪೇರಿ ಎರಡು ಸಾಲು. ರೀಡ್‌ಲೈನ್ ಬದಲು ರೀಡ್ ಅಂಟಿಲ್, 13 ಬರುವ ತನಕ. ಜೊತೆಗೆ ಪ್ರತಿ ಸಲ ತೂಕ ಕೇಳುವ ಮೊದಲು ಬಫರ್ (ಬಂದ ಬೈಟ್‌ಗಳು ಕಾದಿರುವ ಜಾಗ) ಖಾಲಿ ಮಾಡುವುದು, ಯಾಕೆಂದರೆ ನಾಳೆ ಯಾರಾದರೂ ಹಳೆ ನಮೂನೆಯ ಡಬ್ಬಿ ತಂದು ಕೂಡಿಸಿದರೆ ಓದದೆ ಉಳಿದ 10 ಮುಂದಿನ ಗಾಡಿಯ ತೂಕದ ತಲೆಗೆ ಅಂಟಿಕೊಳ್ಳುತ್ತದೆ. ಮುಂದಿನ ಪಾವತಿ 1.2 ಸೆಕೆಂಡಿನಲ್ಲಿ ಬಂತು. ಆಪರೇಟರ್ ಚಹಾದ ಕಪ್ ಎತ್ತಿದವನು ಹಾಗೇ ಹಿಡಿದುಕೊಂಡು ಚೀಟಿ ಹರಿದ.

ಒಂದು ಮಾತು ಇಲ್ಲಿ ಹೇಳಬೇಕು. ಈ 5 ಸೆಕೆಂಡಿನಲ್ಲಿ ಪ್ರೊಸೆಸರ್ ಏನೂ ಮಾಡುತ್ತಿರಲಿಲ್ಲ, ನಿದ್ದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು ಸೊನ್ನೆಯ ಹತ್ತಿರ. ಸಿಪಿಯು ಕೆಲಸ ಮಾಡಿದ ಹೊತ್ತನ್ನು ಮಾತ್ರ ಎಣಿಸುವ ಸಾಧನ ತಂದಿದ್ದರೆ ಅದು ಪ್ರಿಂಟ್ ಕೋಡನ್ನೋ ಇನ್ಯಾವುದನ್ನೋ ಮೊದಲ ನಂಬರಿಗೆ ಕೂರಿಸುತ್ತಿತ್ತು. ನನ್ನ ಅನುಭವದಲ್ಲಿ ಇಂಥ ಆಫೀಸು, ಕಾಟಾ, ಅಂಗಡಿ ಸಾಫ್ಟ್‌ವೇರ್‌ಗಳು ದುಡಿದು ದಣಿಯುವುದು ಕಡಿಮೆ. ಕಾಯುವುದೇ ಜಾಸ್ತಿ. ಪ್ರಿಂಟರಿಗೆ, ನೆಟ್‌ವರ್ಕಿಗೆ, ಕೇಬಲ್ಲಿನ ಆ ತುದಿಗೆ.

ಇಷ್ಟು ಗೆದ್ದ ಮೇಲೆ ಸ್ವಲ್ಪ ಅಹಂಕಾರ ಬಂತು ಅಂತ ಕಾಣುತ್ತದೆ, ಟ್ರೇಸರನ್ನು ಕಂಡಕಂಡಲ್ಲಿ ಹಚ್ಚಲು ಶುರು ಮಾಡಿದೆ. ಹಂಗಾಮಿನ ಒಟ್ಟು ವರದಿ ತೆಗೆಯುವಾಗ ಪೈಸೆ ರೌಂಡ್ ಮಾಡುವ ಒಂದು ಪುಟ್ಟ ಫಂಕ್ಷನ್ 3 ಲಕ್ಷ ಸಲ ಓಡುತ್ತದೆ. ಅದಕ್ಕೂ ಹಚ್ಚಿದೆ. ಲೆಕ್ಕದ ಭಾಗ ಮೂರು ಪಟ್ಟು ನಿಧಾನವಾಯಿತು, ಜೇಸನ್ ಫೈಲ್ 30 ಎಂಬಿ ದಾಟಿತು, ಪಟ್ಟಿಯಲ್ಲಿ ಆ ಬಡಪಾಯಿ ಫಂಕ್ಷನ್ನೇ ದೊಡ್ಡ ಅಪರಾಧಿ ಥರ ಕಾಣಿಸಿತು. ಅನುಮಾನ ಬಂದು ಒಳಗೆ ಏನೂ ಇಲ್ಲದ ಖಾಲಿ ಬ್ಲಾಕನ್ನು 10 ಲಕ್ಷ ಸಲ ಓಡಿಸಿ ನೋಡಿದೆ. ನನ್ನ ಟ್ರೇಸರ್ ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಮೈಕ್ರೋಸೆಕೆಂಡ್ ತಿನ್ನುತ್ತದೆ. ಆ ಫಂಕ್ಷನ್ನಿನ ಕೆಲಸವೇ ಅರ್ಧ ಮೈಕ್ರೋಸೆಕೆಂಡ್! ಹೆಸರುಕಾಳು ತೂಗಲು ಗಾಡಿ ಕಾಟಾ ಹತ್ತಿಸಿದಂತಾಯಿತು. ಈಗ ನನ್ನ ಲೆಕ್ಕ ಏನೆಂದರೆ, ಕೆಲಸ ಟ್ರೇಸರ್‌ಗಿಂತ ಕನಿಷ್ಠ ನೂರು ಪಟ್ಟು ದೊಡ್ಡದಿದ್ದರೆ ಮಾತ್ರ ಬ್ಲಾಕ್ ಹಾಕುತ್ತೇನೆ. ಸಾವಿರ ಸಲ ಸುತ್ತುವ ಲೂಪ್ ಇದ್ದರೆ ಬ್ಲಾಕ್ ಲೂಪಿನ ಹೊರಗೆ. ನೀವೂ ನಿಮ್ಮ ಟ್ರೇಸರ್ ಬರೆದುಕೊಂಡರೆ ಮೊದಲು ಅದನ್ನೇ ಅಳೆಯಿರಿ.

ಎಲ್ಲ ಫಂಕ್ಷನ್ನನ್ನೂ ತಾನಾಗಿ ಹಿಡಿಯುವ ದಾರಿ ಪೈಥಾನ್‌ನಲ್ಲೇ ಇದೆ, ಸೆಟ್‌ಪ್ರೊಫೈಲ್ ಅಂತ. ಆದರೆ ಅದು ಹೋಗುವ ಬರುವ ಪ್ರತಿ ಫಂಕ್ಷನ್ನಿಗೂ ನಮ್ಮ ಪೈಥಾನ್ ಕೋಡನ್ನು ಕರೆಯುತ್ತದೆ, ಭಾರ. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಿಂದ ಮಾನಿಟರಿಂಗ್ ಅನ್ನುವ ಹೊಸ ಸೌಲಭ್ಯ ಇದೆ, ಬೇಡದ ಕಡೆ ಅದನ್ನು ಆಫ್ ಮಾಡಬಹುದು, ಹಾಗಾಗಿ ಹಗುರ. ಕಾಟಾ ಪಿಸಿಯಲ್ಲಿ ಇನ್ನೂ ಹಳೆ ಪೈಥಾನ್ ಇದೆ. ಹಂಗಾಮು ಮುಗಿಯುವ ತನಕ ಅದನ್ನು ಮುಟ್ಟುವವನು ನಾನಲ್ಲ.

ಟ್ರೇಸರನ್ನು ಮಾತ್ರ ತೆಗೆಯಲಿಲ್ಲ. ಏಳು ಕಡೆ ಬ್ಲಾಕ್ ಇವೆ, ಒಂದು ಪಾವತಿಗೆ ಏಳು ಮೈಕ್ರೋಸೆಕೆಂಡ್, ಯಾರಿಗೂ ತಿಳಿಯುವುದಿಲ್ಲ. ಲಿಸ್ಟ್ ಬೆಳೆಯುತ್ತಲೇ ಹೋಗಬಾರದು ಅಂತ ಅದರ ಬದಲು ಡೆಕ್ ಅನ್ನುವ, ಉದ್ದಕ್ಕೆ ಮಿತಿ ಇಡಬಹುದಾದ ಲಿಸ್ಟ್ ಹಾಕಿದ್ದೇನೆ, ಕೊನೆಯ 50,000 ಘಟನೆ ಮಾತ್ರ ಇರುತ್ತವೆ, ಹಳೆಯವು ಉದುರಿಹೋಗುತ್ತವೆ. ಯಾವುದಾದರೂ ಪಾವತಿ 3 ಸೆಕೆಂಡ್ ದಾಟಿದರೆ ಆಗ ಮಾತ್ರ ಫೈಲಿಗೆ ಬರೆಯುತ್ತದೆ. ಸರಾಸರಿ ನೋಡುತ್ತಾ ಕೂತಿದ್ದರೆ ಇದರಲ್ಲಿ ಸಿಕ್ಕಿದ್ದು ಸಿಗುತ್ತಿರಲಿಲ್ಲ: ಜನವರಿಯಲ್ಲಿ ಎರಡು ದಿನ, ಎರಡೂ ಬೆಳಗಿನ 6ರ ಆಸುಪಾಸು, ರೈತನನ್ನು ಹುಡುಕಲು 4 ಸೆಕೆಂಡ್. ದಿನದ 500 ತೂಕದಲ್ಲಿ ಒಂದೋ ಎರಡೋ ಹೀಗಾದರೆ ಸರಾಸರಿ ಕದಲುವುದೂ ಇಲ್ಲ. ನೋಡಿದರೆ ಆಂಟಿವೈರಸ್ 6 ಗಂಟೆಗೆ ಡಿಸ್ಕ್ ಪೂರ್ತಿ ತಡಕಾಡುತ್ತಿತ್ತು. ಅದನ್ನು ಮಧ್ಯಾಹ್ನಕ್ಕೆ ದೂಡಿದೆವು.

ಈಗ ಪಟ್ಟಿಯಲ್ಲಿ ಉಳಿದಿರುವ ಉದ್ದದ ಗೆರೆ ಪ್ರಿಂಟರ್ ಒಂದೇ, 1.1 ಸೆಕೆಂಡ್. ಪ್ರಿಂಟ್ ಕೆಲಸವನ್ನು ಬೇರೆ ಥ್ರೆಡ್‌ಗೆ ಹಾಕಿ ಬಟನ್ನನ್ನು ಕೂಡಲೇ ಬಿಟ್ಟುಬಿಡೋಣ, ಅರ್ಧ ದಿನದ ಕೆಲಸ ಅಂತ ಮೊನ್ನೆ ಆಪರೇಟರಿಗೆ ಹೇಳಿದೆ. ಅವನು ಕೈಯಲ್ಲಿದ್ದ ಪಾವತಿ ಹರಿದು, ಕಿಟಕಿಯಿಂದ ಡ್ರೈವರಿಗೆ ಕೊಟ್ಟು, ಮುಂದಿನ ಗಾಡಿಗೆ ಕೈ ಬೀಸಿ, ಬಟನ್ ಒತ್ತಿ ಹೇಳಿದ:

"ಅದನ್ನ ಮುಟ್ಟಬ್ಯಾಡ್ರಿ ಸರ. ಗಾಡಿ ನಂಬರು ಮತ್ತ್ ಒಮ್ಮೆ ನೋಡಾಕ ನನಗ ಅಷ್ಟ ಟೈಮ್ ಬೇಕ್ರಿ."